ಬಸವನಗುಡಿಯಲ್ಲೊಂದು ಚಿಟಿಕೆ ಸಮುದ್ರ

ಮಕ್ಕಳೇ, ನಮ್ಮ ನಡುಮನೆಯಲ್ಲಿ ಎರಡು ಅಡಿ ಉದ್ದದ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿರುವುದು ಉಪ್ಪುನೀರು. ತಳದಲ್ಲಿ ಬಿಳಿ ಮರಳು, ಮೇಲೆ ತೂತು ತೂತಾದ ನಾಲ್ಕು ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಎರಡು ಮೀನು. ಅಷ್ಟೇ. ಮನೆಗೆ ಬಂದವರು ಎರಡು ನಿಮಿಷ ಮೆಚ್ಚಿಕೊಂಡು ನೋಡುತ್ತಾರೆ. ಆಮೇಲೆ ತಪ್ಪದೆ ಕೇಳುತ್ತಾರೆ: “ಚೆನ್ನಾಗಿದೆ ಸಾರ್, ಆದ್ರೆ ಹವಳ ಎಲ್ಲಿ?”

ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಈ ವಾರ ನಿಮಗೆ ಹೇಳುತ್ತೇನೆ.

ಶುರುವಾದದ್ದು 2023ರ ಕಡಲೆಕಾಯಿ ಪರಿಷೆ ಹೊತ್ತಿಗೆ. ಆರನೇ ತರಗತಿಯಲ್ಲಿದ್ದ ಮೊಮ್ಮಗಳು ಟೀವಿಯಲ್ಲಿ ‘ಫೈಂಡಿಂಗ್ ನೀಮೋ’ ಸಿನಿಮಾ ನೋಡಿದಳು. ಅದು 2003ರ ಸಿನಿಮಾ, ಅವಳಿಗಿಂತ ಹಳೆಯದು. ನೋಡಿ ಮುಗಿಸಿದ್ದೇ, “ತಾತ, ನಂಗೆ ನೀಮೋ ಬೇಕು, ಅದರ ಹವಳದ ಮನೇನೂ ಬೇಕು” ಅಂದಳು. ನನಗೂ ನಿವೃತ್ತಿಯಾದ ಮೇಲೆ ಬೆಳಿಗ್ಗೆ ಪತ್ರಿಕೆ, ಸಂಜೆ ಬ್ಯೂಗಲ್ ರಾಕ್ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. “ಆಗಲಿ ಪುಟ್ಟಿ” ಎಂದುಬಿಟ್ಟೆ. ಒಳಗಿನಿಂದ ಅವಳಜ್ಜಿ, “ಸಮುದ್ರ ಮನೆಗೆ ಬಂದ್ರೆ ಉಪ್ಪಿನಕಾಯಿ ಜಾಡಿ ಪಕ್ಕ ಇಡ್ತೀನಿ, ನನ್ನನ್ನ ಮಾತ್ರ ತೊಳಿ ಬಳಿ ಅನ್ಬೇಡಿ” ಅಂದಳು.

ತೊಟ್ಟಿ ಹಿಡಿಯುವುದು 80 ಲೀಟರ್. ನೀರೇ 80 ಕಿಲೋ ದಾಟುತ್ತದೆ. ಗಾಜು, ಮರಳು, ಕಲ್ಲು ಸೇರಿದರೆ ನೂರು ಕಿಲೋ ಮೀರುತ್ತದೆ. ನಮ್ಮ ಹಳೇ ಟೀಪಾಯಿ ತಡೆಯುವ ಭಾರವಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ರೆಡಾಕ್ಸೈಡ್ ನೆಲಕ್ಕೆ ಗೀರು ಬೀಳದಂತೆ ಕಾಲಡಿಗೆ ರಬ್ಬರ್ ಇಟ್ಟೆ.

ಇನ್ನು ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. 80 ಲೀಟರಿಗೆ ಎಷ್ಟಾಯಿತು? 2,800 ಗ್ರಾಂ, ಅಂದರೆ ಮೂರು ಕಿಲೋಗೆ ಸ್ವಲ್ಪ ಕಡಿಮೆ. “ಗಾಂಧಿ ಬಜಾರಿಂದ ಮೂರು ಪ್ಯಾಕೆಟ್ ಉಪ್ಪು ತಂದ್ರೆ ಆಯ್ತಲ್ಲ” ಅಂದಳು ಅಜ್ಜಿ. ಆಗುವುದಿಲ್ಲ. ಸಮುದ್ರದ ಉಪ್ಪಿನಲ್ಲಿ ನೂರಕ್ಕೆ ಸುಮಾರು 85 ಭಾಗ ಮಾತ್ರ ನಮ್ಮ ಅಡುಗೆ ಉಪ್ಪಿನ ಅಂಶ. ಉಳಿದದ್ದು ಮೆಗ್ನೀಶಿಯಂ, ಕ್ಯಾಲ್ಸಿಯಂ, ಪೊಟ್ಯಾಶಿಯಂ, ಸಲ್ಫೇಟ್ ಮುಂತಾದವು. ಅವೆಲ್ಲ ಅಳತೆಯಲ್ಲಿ ಸೇರಿಸಿದ ಉಪ್ಪು ಬೇರೆ ಸಿಗುತ್ತದೆ, ಅದನ್ನೇ ತರಬೇಕು.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ಅದು ಒಳ್ಳೆಯದು, ಮೀನಿಗೆ ವಿಷ. ಆದ್ದರಿಂದ ಆರ್‌ಓ ಯಂತ್ರದ ನೀರನ್ನೇ ಹಿಡಿದು ಉಪ್ಪು ಕಲಸಿದೆವು. ಯಂತ್ರ ಹೊರಗೆ ಬಿಡುವ ನೀರನ್ನು ಅಜ್ಜಿ ನೆಲ ಒರೆಸಲು ಹಿಡಿದಿಟ್ಟುಕೊಂಡಳು. ಸುಮಾರು 100 ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಹತ್ತಿಸಿದ ಕಾವೇರಿ ನೀರು ಅದು. ಸಮುದ್ರ ಸೇರಲು ತಮಿಳುನಾಡಿನ ಪೂಂಪುಹಾರದವರೆಗೆ ಹೋಗಬೇಕಿದ್ದ ಕಾವೇರಿ, ನಮ್ಮ ಮನೆಯಲ್ಲಿ ಬಸವನಗುಡಿಯಲ್ಲೇ ಸಮುದ್ರವಾಯಿತು!

ನೀರು ತುಂಬಿತು, ದೀಪ ಉರಿಯಿತು, ಪಂಪು ಸುಯ್ ಎಂದಿತು. ಮೊಮ್ಮಗಳು ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದಳು. ತಾರೀಖು, ನೀರಿನ ಬಿಸಿ, ಉಪ್ಪು, ಅಮೋನಿಯ, ಕೊನೆಯಲ್ಲಿ ‘ಮೀನು’. ಕೊನೆಯ ಕಾಲಂನಲ್ಲಿ ದಿನವೂ ಸೊನ್ನೆ. ಯಾಕೆಂದರೆ ನೀರು ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ.

ಯಾಕೆ ಗೊತ್ತೇ? ಮೀನಿನ ಕಸ, ತಿಂದು ಬಿಟ್ಟ ಆಹಾರ ಕೊಳೆತರೆ ಅಮೋನಿಯ ಹುಟ್ಟುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಸಮುದ್ರದಲ್ಲಾದರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಕೂಡಲೇ ತಿಂದು ಹಾಕುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದರಿಂದ ಅಷ್ಟು ಅಪಾಯವಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಹೋಗುತ್ತದೆ. ಹೊಸ ತೊಟ್ಟಿಯ ಕಲ್ಲು ಮರಳಿನ ಮೇಲೆ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಸುಮ್ಮನೆ ಕಾಯಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಗಳಿಗೆಗೊಮ್ಮೆ ಪಾತ್ರೆ ಅಲ್ಲಾಡಿಸಿ ನೋಡಿದರೆ ಮೊಸರಾಗುತ್ತದೆಯೇ?

ಇಷ್ಟೆಲ್ಲ ಓದಿಕೊಂಡಿದ್ದವನು ನಾನೇ. ಆದರೂ ಕಾಯಲಿಲ್ಲ. ಪಕ್ಕದ ಮನೆಯವರು ಬಂದು “ಏನ್ ಸಾರ್, ನೀರು ಸಾಕಿದ್ದೀರಾ?” ಎಂದು ನಕ್ಕರು. ಮೊಮ್ಮಗಳು ಶಾಲೆಯಿಂದ ಬಂದವಳು ಬ್ಯಾಗ್ ಇಳಿಸುವ ಮೊದಲೇ ಖಾಲಿ ತೊಟ್ಟಿಯ ಮುಂದೆ ನಿಲ್ಲುತ್ತಿದ್ದಳು. ಹನ್ನೆರಡನೇ ದಿನ ಹೋಗಿ ಎರಡು ಕ್ಲೌನ್ ಮೀನು ತಂದುಬಿಟ್ಟೆ. ಪರಿಷೆಯ ಜ್ಞಾಪಕಕ್ಕೆ ಅವಳು ಅವಕ್ಕೆ ಕಡಲೆ, ಬೆಲ್ಲ ಎಂದು ಹೆಸರಿಟ್ಟಳು. ಕೊನೆಯ ಕಾಲಂನಲ್ಲಿ ದೊಡ್ಡದಾಗಿ 2 ಎಂದು ಬರೆದು ಸುತ್ತ ಹೂವಿನ ಚಿತ್ರ ಬಿಡಿಸಿದಳು.

ಮೂರನೇ ದಿನ ಬೆಳಗಿನ ಜಾವ ಐದೂವರೆಗೆ ಎದ್ದು ನೋಡಿದರೆ ಕಡಲೆ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಪರೀಕ್ಷೆಯ ನಳಿಕೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದೆ. ಹಳದಿ ಇರಬೇಕಾದ ಬಣ್ಣ ಹಸಿರಾಯಿತು. ಹಸಿರೆಂದರೆ ಅಮೋನಿಯ. ತಪ್ಪು ನನ್ನದೇ.

ಆಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಮನೆಯವರು ಏಳುವ ಮೊದಲೇ ಮೀನನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ನೋಟ್‌ಬುಕ್ ತೆಗೆದು ಆ ದಿನದ ಸಾಲು ತುಂಬಿಸಿದೆ. ಕೊನೆಯ ಕಾಲಂನಲ್ಲಿ ‘2’ ಎಂದೇ ಬರೆದೆ. ಅವಳು ಶಾಲೆಗೆ ಹೊರಡುವಾಗ, “ಕಡಲೆ ಎಲ್ಲಿ ತಾತ?” ಅಂದಳು. “ಕಲ್ಲಿನ ಹಿಂದೆ ಅವಿತುಕೊಂಡಿದೆ” ಅಂದೆ. ಸಂಜೆಯೊಳಗೆ ಅದೇ ಥರದ ಇನ್ನೊಂದು ತಂದು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ನನ್ನ ಲೆಕ್ಕ. ಆದರೆ ಹಸಿರು ನೀರಿಗೆ ಇನ್ನೊಂದು ಜೀವ ಹಾಕಲು ಮನಸ್ಸು ಒಪ್ಪಲಿಲ್ಲ. ಹೋಗಲಿಲ್ಲ.

ಸಂಜೆ ಅವಳು ಟಾರ್ಚ್ ಹಿಡಿದು ತೊಟ್ಟಿಯ ನಾಲ್ಕು ಕಡೆಯಿಂದಲೂ ನೋಡಿದಳು. ಆಮೇಲೆ ನೋಟ್‌ಬುಕ್ ನೋಡಿದಳು. ಅಳಲಿಲ್ಲ. ಮೆಲ್ಲಗೆ ಕೇಳಿದಳು: “ತಾತ, ಬ್ಯಾಂಕಲ್ಲೂ ನೀನು ಹೀಗೇ ಬರೀತಿದ್ಯಾ?”

ನಾನು ಸುಮಾರು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ಹತ್ತು ಪೈಸೆ ಟ್ಯಾಲಿ ಆಗದಿದ್ದರೆ ರಾತ್ರಿ ಎಂಟಾದರೂ ಮನೆಗೆ ಹೊರಡುತ್ತಿರಲಿಲ್ಲ. ಆ ಮಾತು ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟೆ. ನಡೆದದ್ದೆಲ್ಲ ಹೇಳಿದೆ. ಅವಸರ ಮಾಡಿದ್ದು, ಹೂತದ್ದು, ಸುಳ್ಳು ಬರೆದದ್ದು. ಅವಳು ರಬ್ಬರ್ ತಂದಳು, ಆ 2 ಅಳಿಸಲು. “ಬೇಡ ಪುಟ್ಟಿ,” ಅಂದೆ. “ಲೆಡ್ಜರಿನಲ್ಲಿ ತಪ್ಪಾದರೆ ಅಳಿಸೋ ಹಾಗಿಲ್ಲ. ತಪ್ಪು ಕಾಣೋ ಹಾಗೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಬರೆದವರು ಚಿಕ್ಕ ಸಹಿ ಹಾಕಬೇಕು.” ಹಾಗೇ ಮಾಡಿದೆ. 2ರ ಮೇಲೆ ಗೆರೆ, ಪಕ್ಕದಲ್ಲಿ 1, ಕೆಳಗೆ ನನ್ನ ಸಹಿ. ಆ ಪುಟ ಇನ್ನೂ ಇದೆ. ಅವಳು ಆ ದಿನ ನನ್ನ ಜೊತೆ ಮಾತಾಡಲಿಲ್ಲ. ಮಾರನೆಯ ದಿನ ಕರಿಬೇವಿನ ಗಿಡದ ಬುಡ ತೋರಿಸು ಎಂದು ಕರೆದುಕೊಂಡು ಹೋದಳು.

ಬೆಲ್ಲವನ್ನು ಅಂಗಡಿಯವರು ತಮ್ಮ ತೊಟ್ಟಿಯಲ್ಲಿ ಇಟ್ಟುಕೊಳ್ಳಲು ಒಪ್ಪಿದರು. ಮತ್ತೆ ಖಾಲಿ ತೊಟ್ಟಿ, ಮತ್ತೆ ಸೊನ್ನೆ. ಸಂಕ್ರಾಂತಿಯ ಎಳ್ಳು ಬೆಲ್ಲ ಬೀರಿ ಒಂದು ವಾರವಾಯಿತು. ನಳಿಕೆಯ ನೀರು ಮೂರು ದಿನ ಬಿಡದೆ ಹಳದಿಯೇ ಉಳಿಯಿತು, ನೈಟ್ರೈಟೂ ಸೊನ್ನೆಗಿಳಿಯಿತು. ಆಗ ಬೆಲ್ಲ ಮನೆಗೆ ಬಂತು, ಜೊತೆಗೆ ಹೊಸದೊಂದು. ಹೊಸದಕ್ಕೆ ‘ಎಳ್ಳು’ ಎಂದು ಹೆಸರು.

ಕ್ಲೌನ್ ಮೀನಿನ ಸಂಸಾರದ ಸ್ವಾರಸ್ಯ ಕೇಳಿ. ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗಿ ಯಜಮಾನಿಕೆ ಮಾಡುತ್ತದೆ. ಎರಡನೆಯದು ಅದರ ಗಂಡ. ಮೊಟ್ಟೆಗೆ ರೆಕ್ಕೆ ಬೀಸಿ ಗಾಳಿ ಹಾಕುವ, ಕಾಯುವ ಕೆಲಸ ಹೆಚ್ಚಾಗಿ ಅಪ್ಪನದು. ಸುಮಾರು ಒಂದು ವಾರದಲ್ಲಿ ಮರಿಗಳು ಹೊರಬರುತ್ತವೆ, ಅದೂ ಕತ್ತಲಾದ ಮೇಲೆ. ಇದನ್ನು ಓದಿ ಹೇಳಿದಾಗ ಅಜ್ಜಿ ಅಡುಗೆಮನೆಯಿಂದಲೇ, “ಮೀನಿಗೂ ಬುದ್ಧಿ ಇದೆ” ಅಂದಳು. ಈಗ ಕ್ಲೌನ್ ಮೀನಿನ ಮರಿಗಳನ್ನು ಸಮುದ್ರದಿಂದ ಹಿಡಿಯದೆ ತೊಟ್ಟಿಗಳಲ್ಲೇ ಮಾಡಿಸುತ್ತಾರೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ, ನಮ್ಮ ಮಂಗಳೂರು ಕಾರವಾರಗಳಲ್ಲಿ ಶಾಖೆಗಳಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ವಿಧಾನವನ್ನು ನಮ್ಮ ದೇಶದಲ್ಲೇ ರೂಢಿಗೆ ತಂದಿದ್ದಾರೆ. ಎಳ್ಳು, ಬೆಲ್ಲ ಎರಡೂ ಹಾಗೆ ತೊಟ್ಟಿಯಲ್ಲೇ ಹುಟ್ಟಿದವು.

ಆ ವರ್ಷದ ಬೇಸಿಗೆ ನಿಮಗೆ ನೆನಪಿರಬೇಕು. 2024ರಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಬಿಸಿಲೋ ಬಿಸಿಲು. ತೊಟ್ಟಿಯ ನೀರು 26 ಡಿಗ್ರಿ ಇರಬೇಕಾದದ್ದು 29 ದಾಟಿತು. ಚಳಿಗಾಲದಲ್ಲಿ ಹೀಟರ್ ಹಾಕಿದ್ದ ನಾವು ಈಗ ಪುಟ್ಟ ಫ್ಯಾನ್ ತಂದು ನೀರಿನ ಮೇಲೆ ಗಾಳಿ ಬೀಸುವಂತೆ ಇಟ್ಟೆವು. ಬಿಸಿ ಇಳಿಯಿತು, ಆದರೆ ದಿನಕ್ಕೆ ಒಂದು ಲೀಟರ್ ನೀರು ಆವಿಯಾಗತೊಡಗಿತು. ಕಡಿಮೆಯಾದಷ್ಟು ಉಪ್ಪುನೀರು ಸುರಿಯಲು ಮೊಮ್ಮಗಳು ಬಕೆಟ್ ಎತ್ತಿದಳು. “ನಿಲ್ಲು, ಲೆಕ್ಕ ಮಾಡು” ಅಂದೆ. ನೀವೂ ಮಾಡಿ ನೋಡಿ. 80 ಲೀಟರಿನಲ್ಲಿ 2,800 ಗ್ರಾಂ ಉಪ್ಪಿದೆ. ಹತ್ತು ದಿನದಲ್ಲಿ 10 ಲೀಟರ್ ಆವಿಯಾದರೆ ಉಳಿಯುವುದು 70 ಲೀಟರ್. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಲೀಟರಿಗೆ ಈಗ 40 ಗ್ರಾಂ ಆಯಿತು! ಅದಕ್ಕೆ 10 ಲೀಟರ್ ಉಪ್ಪುನೀರು ಸೇರಿಸಿದರೆ ಇನ್ನೂ 350 ಗ್ರಾಂ ಉಪ್ಪು ಹೆಚ್ಚಾಗಿ, ಲೀಟರಿಗೆ ಸುಮಾರು 39 ಗ್ರಾಂ ನಿಲ್ಲುತ್ತದೆ. ಸಿಹಿನೀರು ಸೇರಿಸಿದರೆ ಮಾತ್ರ ಮತ್ತೆ 35. ಆದ್ದರಿಂದ ಆವಿಯಾದದ್ದಕ್ಕೆ ಸಿಹಿನೀರು, ವಾರಕ್ಕೊಮ್ಮೆ 8 ಲೀಟರ್ ತೆಗೆದು ಬದಲಾಯಿಸುವಾಗ ಮಾತ್ರ ಉಪ್ಪುನೀರು. ತೆಗೆದ ನೀರನ್ನು ಅಜ್ಜಿಯ ಮಲ್ಲಿಗೆ ಗಿಡಕ್ಕೆ ಹಾಕಬಾರದು. ಗಿಡವೂ ಉಳಿಯುವುದಿಲ್ಲ, ತಾತನೂ ಉಳಿಯುವುದಿಲ್ಲ.

ಇನ್ನು ಹವಳದ ವಿಷಯ. ಯುಗಾದಿ ಹೊತ್ತಿಗೆ ತೊಟ್ಟಿ ಚೆನ್ನಾಗಿ ನೆಲೆಯೂರಿತ್ತು. ನಾನು ಮಾತು ಕೊಟ್ಟಿದ್ದೆನಲ್ಲ, ಹವಳದ ಮನೆ ಎಂದು? ಒಂದು ಮಧ್ಯಾಹ್ನ ಇಬ್ಬರೂ ಬೇರೊಂದು ಅಂಗಡಿಗೆ ಹೋದೆವು. ಹವಳ ಇದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯಾತ ಅತ್ತಿತ್ತ ನೋಡಿ ನಮ್ಮನ್ನು ಒಳಕೋಣೆಗೆ ಕರೆದ. ನೀಲಿ ದೀಪದ ಕೆಳಗೆ ಅಂಗೈ ಅಗಲದ ಒಂದು ತುಂಡು. ಹಸಿರು, ಕಂದು, ತುದಿಯಲ್ಲಿ ನೇರಳೆ. ಮೈಯೆಲ್ಲ ಸಣ್ಣ ಸಣ್ಣ ಹೂವು ಅರಳಿದ ಹಾಗೆ. ಮೊಮ್ಮಗಳು ಉಸಿರು ಬಿಗಿ ಹಿಡಿದು ನಿಂತಳು. ನಾನು ಪರ್ಸ್ ತೆಗೆದು, ಅಭ್ಯಾಸಬಲದಿಂದ, “ಬಿಲ್ ಕೊಡಿ” ಅಂದೆ. “ಇದಕ್ಕೆ ಬಿಲ್ ಕೊಡೋಕಾಗಲ್ಲ ಸಾರ್. ಮನೇಲಿ ಫೋಟೋ ಗೀಟೋ ತೆಗೀಬೇಡಿ” ಅಂದ.

ನನಗೆ ಅನುಮಾನ ಬಂತು. ಆದರೆ ನಿಜ ಹೇಳುತ್ತೇನೆ, ಪರ್ಸ್ ಒಳಗಿಡಲಿಲ್ಲ. ಆ ಮಗುವಿನ ಮುಖ ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು: “ಬಿಲ್ ಇಲ್ದೆ ಇದ್ರೆ ನೋಟ್‌ಬುಕ್ಕಲ್ಲಿ ಏನಂತ ಬರೆಯೋದು ತಾತ?”

ಇಬ್ಬರೂ ಬರಿಗೈಯಲ್ಲಿ ಬಸ್ ಹತ್ತಿದೆವು.

ಮನೆಗೆ ಬಂದು ಹುಡುಕಿ ಓದಿದ ಮೇಲೆ ಎದೆ ಧಸಕ್ಕೆಂದಿತು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಅದರ ಮೊದಲನೇ ಅನುಸೂಚಿ, ಅಂದರೆ ಹುಲಿಯ ಹೆಸರಿರುವ ಪಟ್ಟಿ. ದಿಬ್ಬ ಕಟ್ಟುವ ಹವಳಗಳನ್ನೂ 2001ರಲ್ಲಿ ಅದೇ ಪಟ್ಟಿಗೆ ಸೇರಿಸಿದ್ದಾರೆ. ಅವನ್ನು ಸಮುದ್ರದಿಂದ ಕೀಳುವುದು, ಮಾರುವುದು ಜೈಲು ಶಿಕ್ಷೆಯಾಗುವ ಅಪರಾಧ. ಹುಲಿಮರಿ ಕೊಳ್ಳಲು ಮೊಮ್ಮಗಳ ಕೈ ಹಿಡಿದುಕೊಂಡು ಹೋದ ಹಾಗಾಗಿತ್ತು ನನ್ನ ಕಥೆ!

“ಒಂದು ಕಲ್ಲಿಗೆ ಯಾಕೆ ಇಷ್ಟೊಂದು ಕಾವಲು?” ಎಂದು ಅಜ್ಜಿ ಕೇಳಿದಳು. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಸಾಸಿವೆ, ಕಡಲೆ ಕಾಳಿನ ಗಾತ್ರದ ಸಾವಿರಾರು ಪುಟ್ಟ ಜೀವಿಗಳು ಒತ್ತೊತ್ತಾಗಿ ಬದುಕುತ್ತವೆ. ಪ್ರತಿಯೊಂದೂ ನೀರಿನ ಕ್ಯಾಲ್ಸಿಯಂ ಹೀರಿ ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಚಾಮರಾಜಪೇಟೆಯ ಹಳೇ ವಠಾರ ನೋಡಿದ್ದೀರಾ? ಸಾಲಾಗಿ ಮನೆಗಳು, ಎಲ್ಲಕ್ಕೂ ಸೇರಿ ಒಂದೇ ಗೋಡೆ. ಹಾಗೆ. ಈ ವಠಾರದ ಮನೆಮನೆಯಲ್ಲೂ ಬಾಡಿಗೆದಾರರಿದ್ದಾರೆ, ಕಣ್ಣಿಗೆ ಕಾಣದ ಪಾಚಿ. ಬಿಸಿಲಿನಲ್ಲಿ ಅಡುಗೆ ಮಾಡಿ, ಬಾಡಿಗೆಯ ಬದಲು ಮಾಲೀಕನಿಗೂ ಬಡಿಸುವವರು. ಹವಳದ ಬಣ್ಣಕ್ಕೂ ಮುಖ್ಯವಾಗಿ ಅವರೇ ಕಾರಣ. ಸಮುದ್ರ ಹೆಚ್ಚು ಬಿಸಿಯಾದರೆ ಸಂಬಂಧ ಕೆಟ್ಟು ಹವಳ ಪಾಚಿಯನ್ನು ಹೊರಹಾಕುತ್ತದೆ. ಆಗ ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ನಾವು ತೊಟ್ಟಿಗೆ ಫ್ಯಾನ್ ಹಾಕಿದ ಅದೇ 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ಸಮುದ್ರಕ್ಕೆ ಫ್ಯಾನ್ ಹಾಕುವವರು ಯಾರು?

ಲಕ್ಷದ್ವೀಪದ ನೆಲವೇ ಹವಳ ಕಟ್ಟಿದ್ದು. ದಿಬ್ಬಗಳು ಅಲೆಯ ಹೊಡೆತ ತಡೆಯುವುದರಿಂದಲೇ ಅಲ್ಲಿನ ಜನ ವಾಸ ಮಾಡಲು ಸಾಧ್ಯ. ನಮ್ಮ ರಾಜ್ಯದಲ್ಲೂ ಹವಳಗಳಿವೆ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ. ಗುಂಡು ಜಾತಿಯ ಹವಳಗಳು ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಅಂಗಡಿಯಲ್ಲಿ ನೋಡಿದ ಆ ತುಂಡಿಗೆ ಹೆಚ್ಚುಕಡಿಮೆ ನಮ್ಮ ಮೊಮ್ಮಗಳಷ್ಟೇ ವಯಸ್ಸಿದ್ದರೂ ಇರಬಹುದು.

ಅಜ್ಜಿ ಸುಮ್ಮನೆ ಎದ್ದು ಹೋಗಿ ತನ್ನ ತಾಯಿ ಕೊಟ್ಟ ಹವಳದ ಸರ ತಂದಳು. “ಹಾಗಾದ್ರೆ ಇದು?” ಇದು ಬೇರೆ ಜಾತಿ. ಕೆಂಪು ಹವಳ, ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ರೋಮಿನವರಿಗೆ ಭಾರತದ ಮುತ್ತಿನ ಮೇಲೆ ಎಷ್ಟು ಮೋಹವೋ ಭಾರತೀಯರಿಗೆ ಹವಳದ ಮೇಲೆ ಅಷ್ಟೇ ಮೋಹ ಎಂದು ಸುಮಾರು ಎರಡು ಸಾವಿರ ವರ್ಷದ ಹಿಂದೆ ಪ್ಲಿನಿ ಎಂಬ ರೋಮನ್ ಪಂಡಿತ ಬರೆದಿಟ್ಟಿದ್ದಾನೆ. ಆದರೆ ಅದೂ ಒಂದು ಕಾಲದಲ್ಲಿ ಜೀವವೇ. ಅಜ್ಜಿ ಸರವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ, “ಇನ್ನೊಂದು ಕೊಳ್ಳೋದು ಬೇಡ ಬಿಡಿ” ಎಂದು ಒಳಗಿಟ್ಟಳು.

ಆದ್ದರಿಂದ ನಮ್ಮ ತೊಟ್ಟಿಯಲ್ಲಿ ಹವಳವಿಲ್ಲ. ಇರುವ ನಾಲ್ಕು ಕಲ್ಲು ಸೆರಾಮಿಕ್‌ನದು, ಬಿಲ್ ಇದೆ. ಎಳ್ಳು, ಬೆಲ್ಲಕ್ಕೆ ಅದರ ತೂತುಗಳೇ ಮನೆ. ಅವು ಆರಾಮವಾಗಿವೆ.

ಮಕ್ಕಳೇ, ನಿಮಗೂ ಮೀನು ಸಾಕುವ ಆಸೆ ಇದ್ದರೆ ಮೊದಲು ಯಾವುದಾದರೂ ಮತ್ಸ್ಯಾಲಯಕ್ಕೆ ಹೋಗಿ ನೋಡಿಬನ್ನಿ. ಆಮೇಲೆ ಸಿಹಿನೀರಿನ ತೊಟ್ಟಿಯಿಂದ ಶುರು ಮಾಡಿ. ಒಂದು ವರ್ಷ ಅದನ್ನು ತಪ್ಪದೆ ನೋಡಿಕೊಂಡರೆ ಉಪ್ಪುನೀರಿನ ಮಾತು. ತಾತಂದಿರಿಗೆ ಒಂದು ಮಾತು: ಕರೆಂಟ್ ಹೋದರೆ ಗಾಳಿ ಊದಲು ಬ್ಯಾಟರಿಯ ಪುಟ್ಟ ಪಂಪು ಇಟ್ಟುಕೊಳ್ಳಿ. ಮಕ್ಕಳ ಮುಖ ನೋಡಿ ಅವಸರ ಮಾಡಬೇಡಿ. ಅವಸರ ಮಾಡಿ ಏನಾದರೂ ಆದರೆ, ಕಲ್ಲಿನ ಹಿಂದೆ ಅವಿತಿದೆ ಎನ್ನಬೇಡಿ.

ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷಕ್ಕೂ ಮೀರಿ ಬದುಕುತ್ತದಂತೆ. ನನಗೀಗ ಎಪ್ಪತ್ತು ದಾಟಿದೆ. ಈ ಲೆಕ್ಕ ಮೊಮ್ಮಗಳಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಬಾಯಿ ಬಿಟ್ಟು ಹೇಳಿಲ್ಲ. ಹೋದ ತಿಂಗಳು ಮೂರನೇ ನೋಟ್‌ಬುಕ್ ಮುಗಿಯಿತು. ನಾಲ್ಕನೆಯದನ್ನು ಅವಳೇ ತಂದು, ಗೆರೆ ಹೊಡೆದು, ಮೇಲೆ ತನ್ನ ಹೆಸರು ಬರೆದಳು. ಕೆಳಗೆ ಸ್ವಲ್ಪ ಚಿಕ್ಕದಾಗಿ, ‘ಸಹಾಯಕರು: ತಾತ’.

ಇವತ್ತಿನ ಸಾಲು ಹೀಗಿದೆ: ಬಿಸಿ 26. ಉಪ್ಪು 35. ಅಮೋನಿಯ ಇಲ್ಲ. ಮೀನು 2.